ಪಲ್ಸಿನ ಅಗಲ ಮತ್ತು ಸ್ಪಿನ್ನಿನ ಚಿತ್ರ: ಒಂದು ಆಕರವಿಮರ್ಶೆ

ಇತಿಹಾಸದ ವ್ಯಾಸಂಗದಲ್ಲಿ ಆಕರಗಳ ವಿಮರ್ಶೆಗೆ ಮೊದಲ ಸ್ಥಾನವೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಒಂದು ತಾಮ್ರಶಾಸನ ಕೈಗೆ ಬಂದರೆ, ಅದನ್ನು ಬರೆಯಿಸಿದವರು ಯಾರು, ಯಾವ ಕಾಲದಲ್ಲಿ, ಏತಕ್ಕಾಗಿ ಎಂದು ಕೇಳಿದ ಮೇಲೆಯೇ ಅದರ ಮಾತನ್ನು ನಂಬುವ ಅಥವಾ ಬಿಡುವ ಯೋಚನೆ. ಆದರೆ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಚಿತ್ರಗಳಿಗೆ ಈ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಹಾಕುವುದಿಲ್ಲ. ಅವು ಪ್ರಕೃತಿಯ ಪಡಿಯಚ್ಚುಗಳೆಂದೂ, ಯಾರೂ ಬರೆಯದೆ ತಾವಾಗಿಯೇ ಮೂಡಿದುವೆಂದೂ ಭಾವಿಸಿ ಮುಂದೆ ಸಾಗುತ್ತೇವೆ. ಪ್ರಕೃತ ಲೇಖನದಲ್ಲಿ ಅಂಥ ಒಂದು ಚಿತ್ರವನ್ನು ಪರೀಕ್ಷಿಸಲು ಉದ್ದೇಶಿಸಿದ್ದೇವೆ. ನ್ಯೂಕ್ಲಿಯಸಿನ ಕಾಂತೀಯ ಅನುರಣನ, ಅಂದರೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಎನ್.ಎಂ.ಆರ್. ಎಂದು ಕರೆಯುವ ವಿದ್ಯೆ, ಅದರ ಗ್ರಂಥಗಳ ಮೊದಲ ಅಧ್ಯಾಯದಲ್ಲಿ ಬರುವ ಸ್ಪಿನ್ನುಗಳ ಚಿತ್ರವೇ ಅದು. ಇತಿಹಾಸದ ಅಧ್ಯಾಪಕರಿಗೆ ಪ್ರಯೋಗಶಾಲೆಯಲ್ಲಿ ಏನು ಕೆಲಸವೆಂಬ ಆಕ್ಷೇಪಣೆ ಬರಬಹುದು. ಚಿತ್ರದ ಸತ್ಯಾಸತ್ಯಗಳನ್ನು ನಿರ್ಣಯಿಸುವುದು ಭೌತಶಾಸ್ತ್ರಜ್ಞರ ಕೆಲಸ. ಅವರು ಅದನ್ನು ಮಾಡಿಯೂ ಇದ್ದಾರೆ. ಅದು ಎಲ್ಲಿಂದ ಬಂದಿತು, ಯಾವುದರೊಡನೆ ಬೆರೆಯಿತು, ಬೆರೆತದ್ದನ್ನು ಹೇಗೆ ಗುರುತಿಸಬಹುದು ಎಂಬುದು ನಮ್ಮ ಕೆಲಸ.

ಮೊದಲು ವಿಷಯವನ್ನು ಸಂಕ್ಷೇಪವಾಗಿ ಹೇಳಬೇಕು. ಹೈಡ್ರೊಜನ್ ಪರಮಾಣುವಿನ ನ್ಯೂಕ್ಲಿಯಸ್ ಒಂದೇ ಒಂದು ಪ್ರೋಟಾನು. ಅದಕ್ಕೆ ಸ್ಪಿನ್ ಎಂಬ ಗುಣವುಂಟು. ಅದರೊಡನೆ ಅತ್ಯಲ್ಪವಾದ ಕಾಂತತ್ವವೂ ಉಂಟು. ಬಲವಾದ ಕಾಂತಕ್ಷೇತ್ರದಲ್ಲಿಟ್ಟಾಗ ಅದರ ಅಕ್ಷವು, ವಾಲಿದ ಬುಗುರಿಯ ತಲೆ ಲಂಬರೇಖೆಯ ಸುತ್ತ ಓಲಾಡುತ್ತ ಸುತ್ತುವಂತೆ, ಕ್ಷೇತ್ರದ ದಿಕ್ಕಿನ ಸುತ್ತ ಸುತ್ತುತ್ತದೆ. ಭೂಮಿಯ ಅಕ್ಷದ ಇಂಥದೇ ಓಲಾಟಕ್ಕೆ ಖಗೋಳಶಾಸ್ತ್ರದಲ್ಲಿ ಅಯನಚಲನೆ ಎಂದು ಹೆಸರು. ಅದೇ ಹೆಸರನ್ನು ಇಲ್ಲಿಯೂ ಬಳಸುತ್ತೇವೆ. ೧ ಟೆಸ್ಲ ಕ್ಷೇತ್ರದಲ್ಲಿ ಪ್ರೋಟಾನು ಸೆಕೆಂಡಿಗೆ ಸುಮಾರು ೪ ಕೋಟಿ ೨೬ ಲಕ್ಷ ಸುತ್ತು ಸುತ್ತುವುದು. ಇಂದಿನ ಅನೇಕ ಪ್ರಯೋಗಶಾಲೆಗಳಲ್ಲಿರುವ ೯.೪ ಟೆಸ್ಲ ಕಾಂತದಲ್ಲಿ ಸುಮಾರು ೪೦ ಕೋಟಿ. ಇದು ರೇಡಿಯೋ ಅಲೆಗಳ ಆವರ್ತನ. ಆದ್ದರಿಂದ ಪರೀಕ್ಷಿಸಬೇಕಾದ ದ್ರವವನ್ನು ಒಂದು ತಂತಿಯ ಸುರುಳಿಯೊಳಗಿಟ್ಟು, ಅದೇ ಆವರ್ತನದ ರೇಡಿಯೋ ಅಲೆಯನ್ನು ಕ್ಷಣಮಾತ್ರ ಹಾಯಿಸಿ ನಿಲ್ಲಿಸಿದರೆ, ಅನಂತರ ನ್ಯೂಕ್ಲಿಯಸುಗಳು ಅದೇ ಸುರುಳಿಯಲ್ಲಿ ಒಂದು ಸಣ್ಣ ವಿದ್ಯುತ್ ಸಂಕೇತವನ್ನು ಹುಟ್ಟಿಸುತ್ತವೆ. ಹಾಗೆ ಹಾಯಿಸುವ ಅಲೆಯ ತುಣುಕಿಗೆ ಪಲ್ಸ್ ಎಂದೂ, ಅದು ಎಷ್ಟು ಹೊತ್ತು ನಿಂತಿತೆಂಬುದಕ್ಕೆ ಪಲ್ಸಿನ ಅಗಲವೆಂದೂ ಹೆಸರು. ಅಗಲವೆಂದರೂ ಅಳೆಯುವುದು ಕಾಲವನ್ನು, ಅದೂ ಮೈಕ್ರೊಸೆಕೆಂಡುಗಳಲ್ಲಿ. ಆಸಿಲೋಸ್ಕೋಪಿನ ತೆರೆಯ ಮೇಲೆ ಕಾಲವು ಎಡದಿಂದ ಬಲಕ್ಕೆ ಸರಿಯುವುದರಿಂದ ಅವಧಿಯು ಕಣ್ಣಿಗೆ ಅಗಲವಾಗಿ ಕಾಣುವುದಷ್ಟೆ. ಒಂದು ಉಪಕರಣದ ತೆರೆ ಒಂದು ಶಾಸ್ತ್ರಕ್ಕೆ ಪದವನ್ನು ಕೊಟ್ಟದ್ದಕ್ಕೆ ಇದು ಒಳ್ಳೆಯ ನಿದರ್ಶನ.

ಈಗ ಚಿತ್ರದ ಮಾತು. ಪಠ್ಯಪುಸ್ತಕಗಳಲ್ಲಿ ವಾಸ್ತವವಾಗಿ ಎರಡು ಚಿತ್ರಗಳಿವೆ. ಮೊದಲನೆಯದರಲ್ಲಿ ಇರುವುದು ಒಂದೇ ಬಾಣ. ದ್ರವದಲ್ಲಿರುವ ಕೋಟ್ಯನುಕೋಟಿ ನ್ಯೂಕ್ಲಿಯಸುಗಳ ಕಾಂತತ್ವವನ್ನೆಲ್ಲ ಕೂಡಿಸಿದಾಗ ಉಳಿಯುವ ಮೊತ್ತವೇ ಆ ಬಾಣ. ಅದು ಮೊದಲು ಕ್ಷೇತ್ರದ ದಿಕ್ಕಿಗೆ ನೆಟ್ಟಗೆ ನಿಂತಿರುತ್ತದೆ. ಪಲ್ಸ್ ಅದನ್ನು ಬಾಗಿಸುತ್ತದೆ. ಬಾಗಿದ ಬಾಣ ಸುತ್ತತೊಡಗಿ ಸುರುಳಿಯಲ್ಲಿ ಸಂಕೇತವನ್ನು ಹುಟ್ಟಿಸುತ್ತದೆ. ಎರಡನೆಯದರಲ್ಲಿ ಎರಡು ಶಂಕುಗಳು, ಒಂದರ ತುದಿಗೆ ಇನ್ನೊಂದರ ತುದಿ ತಾಗುವಂತೆ ನಿಂತಿವೆ. ಪ್ರತಿಯೊಂದು ನ್ಯೂಕ್ಲಿಯಸೂ ಮೇಲಿನ ಶಂಕುವಿನ ಮೇಲಾದರೂ ಇರಬೇಕು, ಕೆಳಗಿನದರ ಮೇಲಾದರೂ ಇರಬೇಕು, ಮೂರನೆಯ ಸ್ಥಾನವಿಲ್ಲ. ಶಂಕುವಿನ ಓರೆ ಅಕ್ಷದಿಂದ ೫೪.೭ ಡಿಗ್ರಿ ಎಂದು ಲೆಕ್ಕಸಹಿತ ಬರೆದಿರುವುದೂ ಉಂಟು. ಮೇಲಿನವರ ಸಂಖ್ಯೆ ಕೆಳಗಿನವರದಕ್ಕಿಂತ ಕೊಂಚ ಹೆಚ್ಚು. ೯.೪ ಟೆಸ್ಲದಲ್ಲಿ, ಕೋಣೆಯ ಉಷ್ಣತೆಯಲ್ಲಿ, ೧೦ ಲಕ್ಷ ಪ್ರೋಟಾನುಗಳಿಗೆ ಈ ಹೆಚ್ಚಳ ೩೨ರಷ್ಟು ಮಾತ್ರ. ವಿವರಣೆಯ ಅನುಕೂಲಕ್ಕಾಗಿ ಮೊದಲನೆಯದನ್ನು ಬಾಣಚಿತ್ರವೆಂದೂ, ಆಕಾರವನ್ನು ನೋಡಿ ಎರಡನೆಯದನ್ನು ಡಮರುಚಿತ್ರವೆಂದೂ ಕರೆಯೋಣ.

ಅನೇಕ ಗ್ರಂಥಗಳಲ್ಲಿ ಇವೆರಡೂ ಒಂದೇ ಪುಟದಲ್ಲಿ, ಕೆಲವೊಮ್ಮೆ ಒಂದರ ಮೇಲೊಂದಾಗಿ ಅಚ್ಚಾಗಿವೆ. ವಿದ್ಯಾರ್ಥಿಯು ಡಮರುವನ್ನು ಕಾರಣವೆಂದೂ ಬಾಣವನ್ನು ಅದರ ಫಲವೆಂದೂ ತಿಳಿಯುತ್ತಾನೆ. ಇವು ಹುಟ್ಟಿನಲ್ಲಿಯೇ ಬೇರೆಯಾದ ಎರಡು ಪರಂಪರೆಗಳೆಂದೂ, ಅವುಗಳ ಬೆರಕೆ ಸಂಕಲನಕಾರರ ಕೈವಾಡವೆಂದೂ ನಮ್ಮ ಅಭಿಪ್ರಾಯ. ಎರಡು ರಾಜವಂಶಗಳ ಬಖೈರುಗಳನ್ನು ಒಟ್ಟಿಗೆ ಹೊಲಿದು ಒಂದೇ ವಂಶಾವಳಿ ಮಾಡಿದ ಕೈಬರಹಗಳನ್ನು ಕಂಡವರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಹುಟ್ಟನ್ನು ನೋಡೋಣ. ಅಣುಗಳ ಧಾರೆಯಲ್ಲಿ ಈ ಅನುರಣನವನ್ನು ಕೊಲಂಬಿಯಾ ವಿಶ್ವವಿದ್ಯಾನಿಲಯದ ರಾಬಿಯವರ ತಂಡ ೧೯೩೮ರಲ್ಲಿಯೇ ಕಂಡಿತ್ತು. ಘನ, ದ್ರವ ಪದಾರ್ಥಗಳಲ್ಲಿ ಅದನ್ನು ಕಾಣಲು ಹಾಲೆಂಡಿನ ಖೋರ್ಟರ್ ಅವರು ೧೯೩೬ರಲ್ಲಿ ಒಮ್ಮೆ, ೧೯೪೨ರಲ್ಲಿ ಮತ್ತೊಮ್ಮೆ ಯತ್ನಿಸಿ ವಿಫಲರಾದರು. ಯುದ್ಧವು ಮುಗಿದ ಮೇಲೆ, ೧೯೪೫ರ ಡಿಸೆಂಬರಿನಲ್ಲಿ ಹಾರ್ವರ್ಡಿನ ಪರ್ಸೆಲ್, ಟೋರಿ, ಪೌಂಡ್ ಎಂಬ ಮೂವರು ಪ್ಯಾರಫಿನ್ ಮೇಣದಲ್ಲಿ ಅದನ್ನು ಕಂಡರು. ಕೆಲವೇ ವಾರಗಳ ಅಂತರದಲ್ಲಿ, ಖಂಡದ ಇನ್ನೊಂದು ಅಂಚಿನ ಸ್ಟ್ಯಾನ್‌ಫರ್ಡಿನಲ್ಲಿ ಬ್ಲಾಕ್, ಹ್ಯಾನ್ಸೆನ್, ಪ್ಯಾಕರ್ಡ್ ಎಂಬ ಮೂವರು ನೀರಿನಲ್ಲಿ ಕಂಡರು. ಎರಡು ತಂಡಗಳಿಗೂ ಪರಸ್ಪರ ಸಂಪರ್ಕವಿರಲಿಲ್ಲ. ೧೯೫೨ರ ನೊಬೆಲ್ ಬಹುಮಾನವನ್ನು ಬ್ಲಾಕ್ ಮತ್ತು ಪರ್ಸೆಲ್ ಅವರಿಗೆ ಹಂಚಿದರು. ಬಹುಮಾನವು ಎರಡು ಶೋಧಗಳನ್ನು ಒಂದಾಗಿಸಿತು. ಅಂದಿನಿಂದ ಗ್ರಂಥಕರ್ತರೂ ಹಾಗೆಯೇ ಬರೆಯುತ್ತ ಬಂದಿದ್ದಾರೆ.

ಆದರೆ ಮೂಲಪ್ರಬಂಧಗಳ ಶಿರೋನಾಮೆಗಳನ್ನು ನೋಡಿದರೆ ಸಾಕು, ಭೇದ ತಿಳಿಯುವುದು. ಹಾರ್ವರ್ಡಿನವರು ತಮ್ಮ ವಿಷಯವನ್ನು ಅನುರಣನದ ಹೀರಿಕೆ ಎಂದು ಕರೆದರು. ಸ್ಟ್ಯಾನ್‌ಫರ್ಡಿನವರು ಅದನ್ನು ನ್ಯೂಕ್ಲಿಯಸಿನ ಪ್ರೇರಣೆ ಎಂದು ಕರೆದರು. ಒಬ್ಬರದು ಶಕ್ತಿಯ ಲೆಕ್ಕ: ರೇಡಿಯೋ ಅಲೆಯಿಂದ ಎಷ್ಟು ಶಕ್ತಿ ಕಳೆಯಿತು, ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಎಷ್ಟು ನ್ಯೂಕ್ಲಿಯಸುಗಳು ಏರಿದುವು ಎಂಬುದು. ಇನ್ನೊಬ್ಬರದು ಯಂತ್ರಶಾಸ್ತ್ರದ ಲೆಕ್ಕ. ಬ್ಲಾಕ್ ಅವರ ತಂಡ ಅಲೆಯನ್ನು ಕಳುಹಿಸಲು ಒಂದು ಸುರುಳಿಯನ್ನೂ, ಅದಕ್ಕೆ ಲಂಬವಾಗಿ ನಿಲ್ಲಿಸಿದ ಇನ್ನೊಂದನ್ನು ಆಲಿಸಲೂ ಬಳಸಿತು. ಲಂಬವಾಗಿ ನಿಂತ ಸುರುಳಿಯಲ್ಲಿ ಸಂಕೇತ ಹುಟ್ಟಬೇಕಾದರೆ ಅಲ್ಲಿ ನಿಜವಾಗಿಯೂ ಒಂದು ಕಾಂತ ಸುತ್ತುತ್ತಿರಬೇಕು. ಆದ್ದರಿಂದ ಬಾಣವು ಅವರಿಗೆ ಅಲಂಕಾರವಾಗಿರಲಿಲ್ಲ. ಅವರ ಉಪಕರಣವೇ ಅದನ್ನು ಬೇಡುತ್ತಿತ್ತು. ೧೯೪೬ರಲ್ಲಿ ಬ್ಲಾಕ್ ಅವರು ಬರೆದ ಸಮೀಕರಣಗಳು ಆ ಬಾಣದ ಚಲನೆಯನ್ನು ಹೇಳುತ್ತವೆಯೇ ಹೊರತು ಒಂಟಿ ನ್ಯೂಕ್ಲಿಯಸಿನದನ್ನಲ್ಲ.

ಹಾಗಾದರೆ ಡಮರು ಯಾರದು? ಪರ್ಸೆಲ್ ಅವರದೆಂದು ಹೇಳಿದರೆ ಅನ್ಯಾಯವಾದೀತು. ಚಳಿಗಾಲದ ಹಿಮರಾಶಿಯನ್ನು ನೋಡಿದಾಗ ಅದರಲ್ಲಿ ಭೂಮಿಯ ಕ್ಷೇತ್ರದ ಸುತ್ತ ಮೌನವಾಗಿ ಅಯನಚಲನೆ ನಡೆಸುತ್ತಿರುವ ಪ್ರೋಟಾನುಗಳೇ ತಮಗೆ ಕಂಡುವೆಂದು ನೊಬೆಲ್ ಭಾಷಣದಲ್ಲಿ ಹೇಳಿದವರು ಅವರೇ. ಡಮರುವಿನ ಬೇರು ಇನ್ನೂ ಹಿಂದಿನ ಕಾಲದ್ದು. ೧೯೧೬ರ ಸುಮಾರಿಗೆ ಸಾಮರ್‌ಫೆಲ್ಡ್ ಮೊದಲಾದವರು ಹಳೆಯ ಕ್ವಾಂಟಂ ಸಿದ್ಧಾಂತದಲ್ಲಿ, ಪರಮಾಣುವಿನ ಅಕ್ಷವು ಕ್ಷೇತ್ರಕ್ಕೆ ಕೆಲವೇ ಓರೆಗಳಲ್ಲಿ ನಿಲ್ಲಬಹುದೆಂದು ಪ್ರತಿಪಾದಿಸಿದರು. ೧೯೨೨ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಅವರು ಬೆಳ್ಳಿಯ ಪರಮಾಣುಗಳ ಧಾರೆ ಕಾಂತದ ನಡುವೆ ಎರಡಾಗಿ ಒಡೆಯುವುದನ್ನು ತೋರಿಸಿದಾಗ ಆ ಮಾತಿಗೆ ಪುಷ್ಟಿ ದೊರೆಯಿತು. ೧೯೨೫-೨೬ರಲ್ಲಿ ಹೊಸ ಕ್ವಾಂಟಂ ಶಾಸ್ತ್ರ ಬಂದು ಹಳೆಯ ಸಿದ್ಧಾಂತವನ್ನು ಬದಿಗೊತ್ತಿತು. ಆದರೆ ಚಿತ್ರ ಹೋಗಲಿಲ್ಲ. ಶಕ್ತಿಯ ಮಟ್ಟಗಳ ಭಾಷೆಯನ್ನು ಆಡುವ ರೋಹಿತಶಾಸ್ತ್ರಜ್ಞರಿಗೆ ಅದು ಒಗ್ಗಿತ್ತು. ಎರಡು ಮಟ್ಟಗಳಿಗೆ ಎರಡು ಶಂಕುಗಳು. ರಾಜ್ಯ ಅಳಿದರೂ ಅದರ ನಾಣ್ಯ ಸಂತೆಯಲ್ಲಿ ಚಲಾವಣೆಯಾಗುತ್ತಿರುವಂತೆ ಆಯಿತು.

ಈ ಎರಡು ಪರಂಪರೆಗಳಲ್ಲಿ ಯಾವುದನ್ನು ನಂಬಬೇಕು? ಇತಿಹಾಸದಲ್ಲಿ ಎರಡು ಕಥನಗಳು ಭಿನ್ನವಾದಾಗ ಅವೆರಡಕ್ಕೂ ಸೇರದ ಮೂರನೆಯ ಸಾಕ್ಷಿಯನ್ನು ಹುಡುಕುತ್ತೇವೆ. ಇಲ್ಲಿ ಅಂಥ ಸಾಕ್ಷಿ ಪ್ರಯೋಗಶಾಲೆಯಲ್ಲಿ ಪ್ರತಿದಿನವೂ ದೊರೆಯುತ್ತದೆ: ಪಲ್ಸಿನ ಅಗಲವನ್ನು ನಿಷ್ಕರ್ಷಿಸುವಾಗ ದೊರೆಯುವ ರೇಖೆಯೇ ಅದು. ಬಹುಮಂದಿ ಇದನ್ನು ಪ್ರಯೋಗಕ್ಕೆ ಮುಂಚಿನ ಸಿದ್ಧತೆಯೆಂದು, ತಕ್ಕಡಿಯನ್ನು ಸರಿಮಾಡಿಕೊಂಡಂತೆ, ಮುಗಿಸಿಬಿಡುತ್ತಾರೆ. ನಮಗೆ ಇದು ಬಹಳ ಬೆಲೆಯ ದಾಖಲೆಯಾಗಿ ತೋರುವುದರಿಂದ ಕೊಂಚ ವಿಸ್ತಾರವಾಗಿಯೇ ಹೇಳುತ್ತೇವೆ.

ಒಂದು ಪಲ್ಸ್ ಬಾಣವನ್ನು ಎಷ್ಟು ಡಿಗ್ರಿ ಬಾಗಿಸುವುದೆಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ರೇಡಿಯೋ ಕ್ಷೇತ್ರದ ಬಲ, ಅದು ನಿಂತ ಹೊತ್ತು. ಇವುಗಳ ಗುಣಲಬ್ಧ ಇಮ್ಮಡಿಯಾದರೆ ಕೋನವೂ ಇಮ್ಮಡಿ. ಬಲವನ್ನು ನೇರವಾಗಿ ಅಳೆಯುವುದು ಕಷ್ಟ. ಸುರುಳಿಯ ಶ್ರುತಿ ಸರಿಯಿಲ್ಲದಿದ್ದರೆ, ದ್ರವದಲ್ಲಿ ಉಪ್ಪು ಹೆಚ್ಚಾಗಿದ್ದರೆ, ಅದು ಕುಗ್ಗುತ್ತದೆ. ನಿನ್ನೆಯ ಅಳತೆ ಇಂದಿನ ನಳಿಕೆಗೆ ಒಪ್ಪುವುದಿಲ್ಲ. ಆದ್ದರಿಂದ ಬಲವನ್ನು ಸ್ಥಿರವಾಗಿಟ್ಟು ಹೊತ್ತನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುತ್ತ ಹೋಗುತ್ತಾರೆ. ೨ ಮೈಕ್ರೊಸೆಕೆಂಡು, ೪, ೬, ೮ ಎಂದು ಪಲ್ಸನ್ನು ಹಿಗ್ಗಿಸಿ ಪ್ರತಿಸಲವೂ ಸಂಕೇತದ ಎತ್ತರವನ್ನು ಗುರುತು ಮಾಡುತ್ತಾರೆ. ಸಂಕೇತ ಏರುತ್ತ ಹೋಗಿ ಒಂದು ಶಿಖರವನ್ನು ಮುಟ್ಟುತ್ತದೆ. ಅದು ೯೦ ಡಿಗ್ರಿ. ಅನಂತರ ಪಲ್ಸ್ ಇನ್ನೂ ಉದ್ದವಾದರೂ ಸಂಕೇತ ಇಳಿಯುತ್ತದೆ. ಶಿಖರಕ್ಕೆ ಬೇಕಾದ ಹೊತ್ತಿನ ಎರಡರಷ್ಟರಲ್ಲಿ ಅದು ಸೊನ್ನೆ, ೧೮೦ ಡಿಗ್ರಿ. ಅಲ್ಲಿಂದ ಮುಂದೆ ಮತ್ತೆ ಹುಟ್ಟುತ್ತದೆ, ಆದರೆ ತಲೆಕೆಳಗಾಗಿ. ೨೭೦ ಡಿಗ್ರಿಯಲ್ಲಿ ಕೆಳಮುಖ ಶಿಖರ, ೩೬೦ರಲ್ಲಿ ಮತ್ತೆ ಸೊನ್ನೆ. ಗುರುತುಗಳನ್ನು ಕೂಡಿಸಿದರೆ ಸೈನ್ ರೇಖೆ, ನಮ್ಮ ಹಳೆಯ ಗಣಿತಗ್ರಂಥಗಳು ಜ್ಯಾ ಎಂದು ಕರೆದದ್ದು, ಎದುರಿಗೆ ನಿಲ್ಲುತ್ತದೆ.

೯೦ ಡಿಗ್ರಿಯ ಅಗಲ ಬೇಕಾದರೆ ಶಿಖರವನ್ನೇ ನೋಡಿದರಾಯಿತು ಎಂದು ಹೊಸಬರು ತಿಳಿಯುತ್ತಾರೆ. ಅನುಭವಿಗಳು ಹಾಗೆ ಮಾಡುವುದಿಲ್ಲ. ಬೆಟ್ಟದ ನೆತ್ತಿ ಚಪ್ಪಟೆ. ಅಗಲದಲ್ಲಿ ನೂರಕ್ಕೆ ೧೦ ತಪ್ಪಿ ೮೧ ಡಿಗ್ರಿಯೇ ಬಿದ್ದರೂ ಸಂಕೇತದಲ್ಲಿ ಕಾಣುವ ಕೊರತೆ ನೂರಕ್ಕೆ ಒಂದೂಕಾಲಕ್ಕಿಂತ ಹೆಚ್ಚಲ್ಲ. ಅದೇ ತಪ್ಪು ೩೬೦ ಡಿಗ್ರಿಯ ಸೊನ್ನೆಯ ಬಳಿ ನಡೆದರೆ, ಪೂರ್ಣ ಸಂಕೇತದ ನೂರಕ್ಕೆ ೫೯ರಷ್ಟು ಎದ್ದು ಕಾಣುತ್ತದೆ. ಆದ್ದರಿಂದ ಅವರು ಸೊನ್ನೆಯನ್ನು ಹುಡುಕಿ ನಾಲ್ಕರಿಂದ ಭಾಗಿಸುತ್ತಾರೆ. ೧೮೦ರ ಸೊನ್ನೆಯನ್ನು ಬಿಟ್ಟು ೩೬೦ರದನ್ನೇ ಆರಿಸುವುದಕ್ಕೂ ಕಾರಣವಿದೆ. ೧೮೦ ಡಿಗ್ರಿಯ ಪಲ್ಸ್ ಬಾಣವನ್ನು ತಲೆಕೆಳಗು ಮಾಡಿ ಬಿಡುತ್ತದೆ. ಅದು ತಾನಾಗಿ ನೆಟ್ಟಗಾಗುವವರೆಗೆ ಮುಂದಿನ ಅಳತೆ ತೆಗೆಯುವಂತಿಲ್ಲ. ಬಾಣ ನೆಟ್ಟಗಾಗುವ ವೇಗವನ್ನು ಸೂಚಿಸುವ ಕಾಲಕ್ಕೆ ಟಿ-ಒನ್ ಎಂದು ಸಂಕೇತ. ಅದರ ಐದರಷ್ಟು ಕಾಯುವುದು ರೂಢಿ. ಶುದ್ಧವಾದ ನೀರಿನಲ್ಲಿ ಅದು ಸುಮಾರು ೩ ಸೆಕೆಂಡು, ಆದ್ದರಿಂದ ಪ್ರತಿ ಮೆಟ್ಟಿಲಿಗೂ ೧೫ ಸೆಕೆಂಡು ಕಾಯಬೇಕು. ೩೬೦ ಡಿಗ್ರಿಯ ಪಲ್ಸಾದರೋ ಬಾಣವನ್ನು ಒಂದು ಸುತ್ತು ಹಾಕಿಸಿ ಹೊರಟಲ್ಲಿಗೇ ತಂದು ನಿಲ್ಲಿಸುವುದರಿಂದ ಕಾಯುವ ಗೋಜೇ ಹೆಚ್ಚಾಗಿಲ್ಲ.

ಈಗ ಸಾಕ್ಷಿಯನ್ನು ವಿಚಾರಣೆಗೆ ಕರೆಯೋಣ. ಬಾಣಚಿತ್ರದಲ್ಲಿ ಮೇಲಿನ ರೇಖೆಗೆ ವ್ಯಾಖ್ಯಾನವೇ ಬೇಕಾಗಿಲ್ಲ. ಬಾಣ ಒಂದೇ ಸಮನಾಗಿ ತಿರುಗುತ್ತಿದೆ. ಅಡ್ಡಲಾಗಿ ಮಲಗಿದಾಗ ಸಂಕೇತ ಪೂರ್ಣ, ನೆಟ್ಟಗೋ ತಲೆಕೆಳಗಾಗಿಯೋ ಇದ್ದಾಗ ಸೊನ್ನೆ, ಇನ್ನೊಂದು ಮಗ್ಗುಲಿಗೆ ಮಲಗಿದಾಗ ಸಂಕೇತ ತಿರುವುಮುರುವು. ಡಮರುಚಿತ್ರವನ್ನು ನಂಬಿದವರು ಏನು ಹೇಳಬೇಕು? ೯೦ ಡಿಗ್ರಿಯಲ್ಲಿ ಮೇಲಿನ ಮತ್ತು ಕೆಳಗಿನ ಶಂಕುಗಳಲ್ಲಿರುವವರ ಸಂಖ್ಯೆ ಸಮವಾಯಿತು ಎನ್ನುತ್ತಾರೆ. ಸಮವಾದರೆ ಸಂಕೇತವೇಕೆ ಅಲ್ಲಿಯೇ ಅತ್ಯಧಿಕ? ಅವರೆಲ್ಲ ಶಂಕುವಿನ ಒಂದೇ ಮಗ್ಗುಲಿಗೆ ಗುಂಪುಗೂಡಿದರು ಎನ್ನುತ್ತಾರೆ. ೨೭೦ ಡಿಗ್ರಿಯಲ್ಲಿಯೂ ಸಂಖ್ಯೆಗಳು ಸಮವೇ ಅಲ್ಲವೆ, ಅಲ್ಲಿ ಎದುರು ಮಗ್ಗುಲಿಗೆ ಏಕೆ ಗುಂಪುಗೂಡಿದರು? ಈ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ಉತ್ತರ ಬೇಕಾದಾಗಲೆಲ್ಲ ಬಾಣಚಿತ್ರದಿಂದ ಸಾಲ ತಂದು ಗುಂಪುಗೂಡಿಸುತ್ತಾರೆ.

ಸಂಖ್ಯೆಗಳು ಸಮವಾಗಿದ್ದರೂ ಸಂಕೇತವೇ ಇಲ್ಲದ ಸ್ಥಿತಿಯೊಂದು ಉಂಟು. ರೇಡಿಯೋ ಅಲೆಯನ್ನು ಬಹಳ ಹೊತ್ತು ಬಿಡದೆ ಹಾಯಿಸಿದರೆ ಮೇಲುಕೆಳಗಿನ ಸಂಖ್ಯೆಗಳು ಸಮವಾಗಿ ದ್ರವವು ಮೌನವಾಗುತ್ತದೆ; ಇದಕ್ಕೆ ಸಂತೃಪ್ತಿ ಎಂದು ಹೆಸರು. ಈ ಸಂದರ್ಭದಲ್ಲಿ ನಮ್ಮ ಬೆಂಗಳೂರಿನ ಒಂದು ಪ್ರಯೋಗವನ್ನು ಸ್ಮರಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ೧೯೫೧ರಲ್ಲಿ ಹರಿಯುವ ದ್ರವದಲ್ಲಿ ಅನುರಣನವನ್ನು ಪರೀಕ್ಷಿಸಿ, ಹರಿವಿನಿಂದ ಸಂಕೇತವು ಹೆಚ್ಚುವುದೆಂದು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುರುಳಿಯೊಳಗಿನ ಸಂತೃಪ್ತವಾದ ದ್ರವ ಹೊರಟುಹೋಗಿ, ಇನ್ನೂ ಸಂತೃಪ್ತವಾಗದ ಹೊಸ ದ್ರವ ಒಳಬರುವುದೇ ಇದಕ್ಕೆ ಕಾರಣ. ಹರಿಯುವ ದ್ರವದ ಮೇಲಿನ ಎನ್.ಎಂ.ಆರ್. ಅಧ್ಯಯನಗಳಿಗೆ, ಮುಂದೆ ರಕ್ತದ ಹರಿವನ್ನು ಅಳೆಯುವ ವಿಧಾನಗಳಿಗೂ, ಇದು ಮೊದಲ ಮೆಟ್ಟಿಲೆಂದು ಗಣನೆಗೆ ಬಂದಿದೆ. ನಮ್ಮ ವಾದಕ್ಕೆ ಅದರ ಉಪಯೋಗ ಬೇರೆ. ಸಂತೃಪ್ತ ದ್ರವದಲ್ಲಿಯೂ ೯೦ ಡಿಗ್ರಿಯ ಪಲ್ಸಿಗೆ ಒಳಗಾದ ದ್ರವದಲ್ಲಿಯೂ ಡಮರುವಿನ ಎರಡು ಪಾಲುಗಳ ಸಂಖ್ಯೆ ಒಂದೇ. ಒಂದು ಮೂಕ, ಇನ್ನೊಂದು ಎಲ್ಲಕ್ಕಿಂತ ಗಟ್ಟಿಯಾಗಿ ಮಾತಾಡುತ್ತದೆ. ತಲೆ ಎಣಿಸುವ ಚಿತ್ರಕ್ಕೆ ಈ ಭೇದ ಕಾಣದು. ಬಾಣಚಿತ್ರದಲ್ಲಿ ಒಂದು ಕಡೆ ಬಾಣವೇ ಅಳಿದಿದೆ, ಇನ್ನೊಂದು ಕಡೆ ಅದು ಮಲಗಿದೆ.

ಒಂಟಿ ನ್ಯೂಕ್ಲಿಯಸನ್ನು ಅಳೆದರೆ ಮೇಲೆ ಅಥವಾ ಕೆಳಗೆ ಎಂಬ ಎರಡೇ ಉತ್ತರಗಳು ಬರುವುವಲ್ಲವೆ, ಸ್ಟರ್ನ್-ಗೆರ್ಲಾಕರ ಪ್ರಯೋಗವನ್ನು ಅಲ್ಲಗಳೆಯುವಿರಾ ಎಂದು ಕೆಲವರು ಕೇಳಬಹುದು. ಅಲ್ಲಗಳೆಯುವುದಿಲ್ಲ. ಆ ಉಪಕರಣ ಕೇಳಿದ ಪ್ರಶ್ನೆಗೆ ಎರಡೇ ಉತ್ತರಗಳು. ಆದರೆ ನಮ್ಮ ಸುರುಳಿ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅದು ಕೋಟ್ಯಂತರ ನ್ಯೂಕ್ಲಿಯಸುಗಳ ಮೊತ್ತವನ್ನು ಆಲಿಸುತ್ತದೆ. ಕೇಳುವ ಮುನ್ನವೇ ಪ್ರತಿಯೊಂದೂ ಎರಡರಲ್ಲೊಂದು ಉತ್ತರವನ್ನು ಹಿಡಿದು ನಿಂತಿತ್ತೆಂದು ಹೊಸ ಕ್ವಾಂಟಂ ಶಾಸ್ತ್ರವು ಹೇಳುವುದಿಲ್ಲ. ೧೯೫೭ರಲ್ಲಿ ಫೈನ್‌ಮನ್, ವರ್ನನ್, ಹೆಲ್‌ವಾರ್ತ್ ಎಂಬ ಮೂವರು, ಎರಡು ಮಟ್ಟಗಳುಳ್ಳ ಯಾವುದೇ ವ್ಯವಸ್ಥೆಯ ಸ್ಥಿತಿಯನ್ನು ಒಂದು ಬಾಣದಿಂದ ಕರಾರುವಾಕ್ಕಾಗಿ ನಿರೂಪಿಸಬಹುದೆಂದು, ಆ ಬಾಣ ಯಾವ ದಿಕ್ಕಿಗಾದರೂ ನಿಲ್ಲಬಹುದೆಂದು ತೋರಿಸಿದರು. ಸರಿಯಾದ ಚಿತ್ರದಲ್ಲಿ ನ್ಯೂಕ್ಲಿಯಸುಗಳು ಎಲ್ಲ ದಿಕ್ಕುಗಳಿಗೂ, ಕದಂಬದ ಹೂವಿನ ಕೇಸರಗಳಂತೆ, ಹರಡಿಕೊಂಡಿವೆ. ಕ್ಷೇತ್ರದ ದಿಕ್ಕಿಗೆ ಒಲವು ಅತ್ಯಲ್ಪ. ಪಲ್ಸ್ ಆ ಇಡೀ ಹೂವನ್ನು ಒಂದಾಗಿ ತಿರುಗಿಸುತ್ತದೆ. ಮ್ಯಾಲ್ಕಮ್ ಲೆವಿಟ್ ಅವರು ೨೦೦೧ರ ತಮ್ಮ ಸ್ಪಿನ್ ಡೈನಮಿಕ್ಸ್ ಗ್ರಂಥದಲ್ಲಿ ಈ ರೀತಿಯಾಗಿಯೇ ವಿವರಿಸಿದ್ದಾರೆ. ಡೆನ್ಮಾರ್ಕಿನ ಲಾರ್ಸ್ ಹ್ಯಾನ್ಸನ್ ಅವರು ೨೦೦೮ರಲ್ಲಿ ಡಮರುಚಿತ್ರದ ದೋಷಗಳನ್ನು ಒಂದು ಪ್ರಬಂಧದಲ್ಲಿ ಬಿಡಿಸಿ ತೋರಿಸಿದ್ದಾರೆ. ಹೀಗಿದ್ದರೂ ಆ ಚಿತ್ರ ಹೊಸ ಹೊಸ ಪುಸ್ತಕಗಳಲ್ಲಿ, ಅದರಲ್ಲಿಯೂ ಆಸ್ಪತ್ರೆಯ ಎಂ.ಆರ್.ಐ. ಕಲಿಸುವವುಗಳಲ್ಲಿ, ಮರಳಿ ಅಚ್ಚಾಗುತ್ತಲೇ ಇದೆ.

ಬಾಣಚಿತ್ರಕ್ಕೂ ಅದರದೇ ಆದ ಐತಿಹ್ಯಗಳು ಅಂಟಿಕೊಂಡಿವೆ. ಪಕ್ಷಪಾತವಿಲ್ಲದೆ ಅವನ್ನೂ ನೋಡಬೇಕು. ಪಲ್ಸ್ ಬಾಣವನ್ನು ಕಾಲುವೃತ್ತದ ಒಂದು ಚೊಕ್ಕಟ ಗೆರೆಯಲ್ಲಿ ಕೆಳಗಿಳಿಸುವಂತೆ ಬರೆಯುತ್ತಾರೆ. ಅಂಥ ಗೆರೆ ಪ್ರಯೋಗಶಾಲೆಯಲ್ಲಿ ನಿಂತವರಿಗೆ ಕಾಣುವುದಿಲ್ಲ. ೪೦ ಕೋಟಿ ಆವರ್ತನದಲ್ಲಿ ೧೦ ಮೈಕ್ರೊಸೆಕೆಂಡಿನ ಪಲ್ಸ್ ಬಾಣವನ್ನು ೯೦ ಡಿಗ್ರಿ ಬಾಗಿಸುವಷ್ಟರಲ್ಲಿ ಅದು ಕ್ಷೇತ್ರದ ಸುತ್ತ ೪,೦೦೦ ಸುತ್ತು ಸುತ್ತಿರುತ್ತದೆ. ನಿಜವಾದ ದಾರಿ ಶಂಖದ ಸುರುಳಿಯ ಹಾಗೆ. ಚೊಕ್ಕಟ ಗೆರೆ ಕಾಣಬೇಕಾದರೆ ಜಾತ್ರೆಯ ತಿರುಗುವ ಮರಗುದುರೆಯ ಮೇಲೆ ಕುಳಿತಂತೆ ನೋಡುವವರೂ ಅದೇ ವೇಗದಲ್ಲಿ ಸುತ್ತಬೇಕು. ರಾಬಿ, ರ್‍ಯಾಮ್ಸೆ, ಶ್ವಿಂಗರ್ ಅವರು ೧೯೫೪ರಲ್ಲಿ ಈ ಸುತ್ತುವ ನೆಲೆಯ ಉಪಯೋಗವನ್ನು ವಿಶದಪಡಿಸಿದರು. ಹಾಗೆ ನೋಡುವವರಿಗೆ ೯.೪ ಟೆಸ್ಲದ ಮಹಾಕ್ಷೇತ್ರ ಇಲ್ಲದಂತಾಗಿ, ಅರ್ಧ ಮಿಲಿಟೆಸ್ಲಕ್ಕಿಂತ ಕೊಂಚ ಹೆಚ್ಚಾದ ರೇಡಿಯೋ ಕ್ಷೇತ್ರವೊಂದೇ ಉಳಿಯುತ್ತದೆ. ಚಿತ್ರದ ಕೆಳಗೆ ನೋಡುವವರ ನೆಲೆಯನ್ನು ಬರೆಯದಿರುವುದು ಭೂಪಟಕ್ಕೆ ದಿಕ್ಕನ್ನು ಬರೆಯದಿದ್ದಂತೆ.

ಇನ್ನು ಪ್ರತಿಧ್ವನಿಯ ಕಥೆ. ಇಲಿನಾಯ್ ವಿಶ್ವವಿದ್ಯಾನಿಲಯದ ಎರ್ವಿನ್ ಹಾನ್ ಅವರು ೧೯೪೯ರಲ್ಲಿ, ಎರಡು ಪಲ್ಸುಗಳನ್ನು ಕೊಟ್ಟ ಮೇಲೆ ಅಷ್ಟೇ ಅಂತರದಲ್ಲಿ ತಾನಾಗಿ ಮೂಡುವ ಮೂರನೆಯ ಸಂಕೇತವನ್ನು ಕಂಡು, ೧೯೫೦ರಲ್ಲಿ ಸ್ಪಿನ್ ಪ್ರತಿಧ್ವನಿ ಎಂಬ ಹೆಸರಿನಿಂದ ಪ್ರಕಟಿಸಿದರು. ೧೯೫೩ರ ನವೆಂಬರಿನ ಫಿಸಿಕ್ಸ್ ಟುಡೇ ಪತ್ರಿಕೆಯ ಹೊದಿಕೆಯ ಮೇಲೆ ಓಟದ ಪಂದ್ಯದ ಚಿತ್ರ ಬಂದ ಮೇಲೆ, ಓಟಗಾರರ ದೃಷ್ಟಾಂತ ಜಗತ್ಪ್ರಸಿದ್ಧವಾಯಿತು. ಒಟ್ಟಿಗೆ ಹೊರಟವರು ವೇಗಭೇದದಿಂದ ಚದರುತ್ತಾರೆ. ಎರಡನೆಯ ಸಂಜ್ಞೆಗೆ ಎಲ್ಲರೂ ಹಿಂದಿರುಗಿ ಓಡಿದರೆ ಹೊರಟಲ್ಲಿಗೆ ಒಟ್ಟಿಗೆ ಬರುತ್ತಾರೆ. ಹೇಳಲು ಸೊಗಸು, ಆದರೆ ೧೮೦ ಡಿಗ್ರಿಯ ಪಲ್ಸ್ ಯಾರ ಓಟದ ದಿಕ್ಕನ್ನೂ ಬದಲಿಸುವುದಿಲ್ಲ. ಅದು ಸ್ಥಾನಗಳನ್ನು ಅದಲುಬದಲು ಮಾಡುತ್ತದೆ: ಮುಂದಿದ್ದ ವೇಗಿ ಅಷ್ಟೇ ಹಿಂದಾಗುತ್ತಾನೆ, ಹಿಂದಿದ್ದ ನಿಧಾನಿ ಮುಂದಾಗುತ್ತಾನೆ, ಎಲ್ಲರೂ ಮೊದಲಿನ ದಿಕ್ಕಿಗೇ ಓಡುತ್ತಾರೆ. ಇದಲ್ಲದೆ, ೯೦ ಮತ್ತು ೧೮೦ ಡಿಗ್ರಿಯ ಜೋಡಿಯನ್ನು ಹಾನ್ ಅವರ ಹೆಸರಿನಲ್ಲಿ ಹೇಳುವ ವಾಡಿಕೆಯೂ ಸರಿಯಲ್ಲ. ಅವರು ಸಾಮಾನ್ಯವಾಗಿ ಬಳಸಿದುದು ಸಮಾನವಾದ ಎರಡು ಪಲ್ಸುಗಳನ್ನು. ೯೦-೧೮೦ರ ಕ್ರಮ ೧೯೫೪ರ ಕಾರ್ ಮತ್ತು ಪರ್ಸೆಲ್ ಅವರ ಪ್ರಬಂಧದ್ದು. ಹೀರಿಕೆಯ ಭಾಷೆಯಿಂದ ಹೊರಟ ಪರ್ಸೆಲ್ ಅವರೇ ಬಾಣದ ಭಾಷೆಯಲ್ಲಿ ಈ ಸೊಗಸಾದ ಕ್ರಮವನ್ನು ರಚಿಸಿದುದು ಗಮನಾರ್ಹ. ಅವರ ತಂಡದ ಟೋರಿಯವರೂ ೧೯೪೯ರಲ್ಲಿಯೇ, ಅಲೆ ಹಾಯುತ್ತಿರುವಾಗ ಸಂಕೇತ ಏರಿಳಿಯುವುದನ್ನು ಬ್ಲಾಕರ ಸಮೀಕರಣಗಳಿಂದ ವಿವರಿಸಿದ್ದರು. ನಾವು ಮೇಲೆ ವರ್ಣಿಸಿದ ರೇಖೆಯ ಪೂರ್ವಜ ಅದೇ.

ಪಲ್ಸಿನ ಅಗಲ ತಪ್ಪಿದರೆ ಏನಾಗುವುದೆಂಬುದಕ್ಕೆ ಕಾರ್-ಪರ್ಸೆಲ್ ವಿಧಾನವೇ ಉದಾಹರಣೆ. ಅದರಲ್ಲಿ ೧೮೦ ಡಿಗ್ರಿಯ ಪಲ್ಸುಗಳನ್ನು ಸಾಲಾಗಿ ಕೊಟ್ಟು, ಪ್ರತಿಧ್ವನಿಗಳು ಹೇಗೆ ಕುಂದುವುವೆಂದು ನೋಡಿ ದ್ರವದ ಗುಣವನ್ನು ಅಳೆಯುತ್ತಾರೆ. ಅಗಲದಲ್ಲಿ ನೂರಕ್ಕೆ ೫ ಕೊರತೆಯಿದ್ದರೆ ಪ್ರತಿ ಪಲ್ಸೂ ೧೭೧ ಡಿಗ್ರಿ. ಸ್ಥೂಲವಾಗಿ ಹೇಳುವುದಾದರೆ, ೯ ಡಿಗ್ರಿಗಳ ಕೊರತೆ ಒಂದರ ಮೇಲೊಂದು ಸೇರಿ ಹತ್ತನೆಯ ಪಲ್ಸಿನ ಹೊತ್ತಿಗೆ ೯೦ ಡಿಗ್ರಿಯಾಗುವುದು; ಮಲಗಿರಬೇಕಾದ ಬಾಣ ಎದ್ದು ನಿಲ್ಲುವುದು. ಪ್ರತಿಧ್ವನಿ ಬೇಗನೆ ಕುಂದಿದಂತೆ ಕಂಡು, ಪಲ್ಸಿನ ದೋಷವನ್ನು ದ್ರವದ ಗುಣವೆಂದು ಓದುವ ಅಪಾಯವಿತ್ತು. ೧೯೫೮ರಲ್ಲಿ ಮೈಬೂಮ್ ಮತ್ತು ಗಿಲ್ ಅವರು ೧೮೦ ಡಿಗ್ರಿಯ ಪಲ್ಸುಗಳ ಅಕ್ಷವನ್ನು ೯೦ ಡಿಗ್ರಿ ಪಕ್ಕಕ್ಕೆ ತಿರುಗಿಸಿದರು. ಆಗ ಒಂದು ಪಲ್ಸಿನ ತಪ್ಪನ್ನು ಮುಂದಿನದು ತಿದ್ದಿ, ಎರಡನೆಯ, ನಾಲ್ಕನೆಯ, ಆರನೆಯ ಪ್ರತಿಧ್ವನಿಗಳು ಸರಿಯಾಗಿ ಬರತೊಡಗಿದುವು. ಈ ಉಪಾಯ ಬಾಣವನ್ನು ಕಣ್ಣಮುಂದೆ ತಿರುಗಿಸಿ ನೋಡದೆ ಹೊಳೆಯತಕ್ಕದ್ದಲ್ಲ. ಡಮರುವಿನ ಸಂಖ್ಯೆಗಳನ್ನು ಎಣಿಸುತ್ತ ಕುಳಿತವರಿಗೆ ಅಕ್ಷವನ್ನು ಪಕ್ಕಕ್ಕೆ ತಿರುಗಿಸುವುದು ಎಂಬ ಮಾತಿಗೇ ಅರ್ಥವಿಲ್ಲ.

ಬಾಣಕ್ಕೂ ಎಲ್ಲೆಯುಂಟು. ೧೯೫೧ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಆರ್ನಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಂಬವರು ಮದ್ಯಸಾರದ ಹೈಡ್ರೊಜನ್ನುಗಳು ಮೂರು ಬೇರೆ ಬೇರೆ ಸಂಕೇತಗಳನ್ನು ಕೊಡುವುದನ್ನು ತೋರಿಸಿದರು. (ಇವರಲ್ಲಿ ಎಸ್. ಎಸ್. ಧರ್ಮಟ್ಟಿಯವರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದರು.) ಮೂರು ಸಂಕೇತಗಳಿಗೆ ಮೂರು ಬಾಣಗಳನ್ನು ಬರೆಯಬಹುದು. ಆದರೆ ನೆರೆಯ ಗುಂಪುಗಳು ಒಂದರೊಡನೊಂದು ತೊಡರಿಕೊಂಡು ಸಂಕೇತಗಳು ಎಳೆಎಳೆಯಾಗಿ ಸೀಳಿದಾಗ, ಅದರಲ್ಲಿಯೂ ಒಂದು ಗುಂಪಿನಿಂದ ಇನ್ನೊಂದಕ್ಕೆ ಪಲ್ಸಿನ ಮೂಲಕ ಸಂಕೇತವನ್ನು ದಾಟಿಸುವಾಗ, ಬಿಡಿ ಬಾಣಗಳು ಸಾಲವು. ೧೯೮೩ರಲ್ಲಿ ಸೋರೆನ್‌ಸೆನ್, ಐಕ್, ಲೆವಿಟ್, ಬೊಡೆನ್‌ಹೌಸೆನ್, ಅರ್ನ್ಸ್ಟ್ ಅವರು ಇದಕ್ಕಾಗಿ ಬೇರೊಂದು ಲೆಕ್ಕದ ಕ್ರಮವನ್ನು ಕೊಟ್ಟರು. ಆ ಕ್ರಮದಲ್ಲಿಯೂ ಪಲ್ಸ್ ಮಾಡುವ ಕೆಲಸ ತಿರುಗಿಸುವುದೇ, ಡಿಗ್ರಿಗಳಲ್ಲಿ ಅಳೆಯುವುದೇ ಎಂಬುದನ್ನು ಗಮನಿಸಬೇಕು. ಬಾಣವನ್ನು ಕಲಿತವರು ಅಲ್ಲಿಗೆ ನಡೆದು ಹೋಗಬಲ್ಲರು. ಡಮರುವನ್ನು ಕಲಿತವರು ಮೊದಲು ಮರೆಯಬೇಕು.

ಈ ಪ್ರಶ್ನೆ ಇಂದು ಹೆಚ್ಚು ತುರ್ತಿನದಾಗಿದೆ. ಹೊಸ ಉಪಕರಣಗಳಲ್ಲಿ ಪಲ್ಸಿನ ಅಗಲವನ್ನು ಯಂತ್ರವೇ ಕೆಲವು ಸೆಕೆಂಡುಗಳಲ್ಲಿ ಕಂಡುಹಿಡಿದು ಒಂದು ಸಂಖ್ಯೆಯನ್ನು ತೆರೆಯ ಮೇಲೆ ತೋರಿಸುತ್ತದೆ. ಅನುಕೂಲವೇ ಸರಿ. ಆದರೆ ಏರಿ, ಇಳಿದು, ತಲೆಕೆಳಗಾಗುವ ರೇಖೆಯನ್ನು ವಿದ್ಯಾರ್ಥಿ ನೋಡುವುದೇ ಇಲ್ಲ. ಸಾಕ್ಷಿ ನ್ಯಾಯಾಲಯಕ್ಕೆ ಬಾರದೆ ತೀರ್ಪು ಮಾತ್ರ ಕೈಗೆ ಬರುತ್ತದೆ. ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ: ಯಾವ ಚಿತ್ರವನ್ನೂ ಹಲಗೆಯ ಮೇಲೆ ಬರೆಯುವುದಕ್ಕೆ ಮುಂಚೆ, ೨ರಿಂದ ೫೦ ಮೈಕ್ರೊಸೆಕೆಂಡಿನವರೆಗೆ ೨೫ ಮೆಟ್ಟಿಲುಗಳ ರೇಖೆಯನ್ನು ವಿದ್ಯಾರ್ಥಿಗಳಿಂದಲೇ ತೆಗೆಯಿಸಬೇಕು, ಯಂತ್ರ ದೊರೆಯದಿದ್ದಲ್ಲಿ ಬೇರೆಡೆ ತೆಗೆದ ರೇಖೆಯನ್ನಾದರೂ ಮುಂದಿಡಬೇಕು. ೯೦ ಡಿಗ್ರಿಗೆ ೧೦ ಮೈಕ್ರೊಸೆಕೆಂಡು ಹಿಡಿಯುವ ಉಪಕರಣದಲ್ಲಿ ೫೦ರ ಗುರುತು ೪೫೦ ಡಿಗ್ರಿಗೆ, ಅಂದರೆ ರೇಖೆಯ ಎರಡನೆಯ ಮೇಲ್ಮುಖ ಶಿಖರಕ್ಕೆ, ಸರಿಯಾಗಿ ಬೀಳುತ್ತದೆ. ಅದು ಮೊದಲ ಶಿಖರಕ್ಕಿಂತ ಯಾವಾಗಲೂ ಸ್ವಲ್ಪ ತಗ್ಗು. ಸುರುಳಿಯ ನಡುವೆ ರೇಡಿಯೋ ಕ್ಷೇತ್ರ ಬಲವಾಗಿಯೂ ಅಂಚಿನಲ್ಲಿ ದುರ್ಬಲವಾಗಿಯೂ ಇರುವುದರಿಂದ ನಡುವಿನ ನ್ಯೂಕ್ಲಿಯಸುಗಳು ಮುಂದೆ ತಿರುಗಿ ಅಂಚಿನವು ಹಿಂದೆ ಉಳಿಯುತ್ತವೆ. ಒಂದು ಸುತ್ತಿನ ನಂತರ ಈ ಅಂತರ ಹೆಚ್ಚಿರುತ್ತದೆ. ಎರಡನೆಯ ಶಿಖರದ ಎತ್ತರವನ್ನು ಮೊದಲನೆಯದರಿಂದ ಭಾಗಿಸಿ ಸುರುಳಿಯ ಗುಣವನ್ನು ಪರೀಕ್ಷಿಸುವುದು ರೂಢಿಯಲ್ಲಿದೆ. ಆ ಗುರುತಿಗೆ ಚಿತ್ರ ಬರೆಯುವಾಗ ಒಂದೇ ಬಾಣ ಸಾಲದು. ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಹಲವು ಬಾಣಗಳನ್ನು ಬರೆಯಬೇಕಾಗುವುದು.